ಆಟೋಕ್ರಾಸ್‌ನಲ್ಲಿ ಕಾರು ಹಿಡಿತಕ್ಕೆ ಬಾರದಿದ್ದಾಗ: ಟೈರು ಮತ್ತು ಸಸ್ಪೆನ್ಷನ್ ದೋಷ ನಿವಾರಣೆ ಕೈಪಿಡಿ

ದಿನವೂ ರಸ್ತೆಯಲ್ಲಿ ಓಡುವ ಕಾರನ್ನೇ ಬಯಲಿಗೆ ಒಯ್ದು, ಸಾಲಾಗಿ ಇಟ್ಟ ಕೋನ್‌ಗಳ ನಡುವೆ ಗಡಿಯಾರದ ಎದುರು ಓಡಿಸುವ ಆಟೋಕ್ರಾಸ್‌ನಲ್ಲಿ ಒಂದು ಓಟಕ್ಕೆ ಸಾಮಾನ್ಯವಾಗಿ ಒಂದು ನಿಮಿಷದಷ್ಟು ಹೊತ್ತೂ ಹಿಡಿಯುವುದಿಲ್ಲ. ಆದರೆ ಆ ಅಲ್ಪಾವಧಿಯಲ್ಲೇ ಕಾರು ಪೂರ್ಣ ಬಲದಿಂದ ಬ್ರೇಕ್ ಹಿಡಿಯುತ್ತದೆ, ಎಡಕ್ಕೂ ಬಲಕ್ಕೂ ಬೆನ್ನುಬೆನ್ನಿಗೆ ವಾಲುತ್ತದೆ, ಟೈರುಗಳು ತಮ್ಮ ಹಿಡಿತದ ಅಂಚಿಗೆ ಹೋಗಿ ನಿಲ್ಲುತ್ತವೆ. ಹಾಗಾಗಿ ಊರೊಳಗಿನ ಓಡಾಟದಲ್ಲಿ ವರ್ಷಗಟ್ಟಲೆ ಗಮನಕ್ಕೆ ಬಾರದ ದೋಷವೊಂದು ಇಲ್ಲಿ ಮೊದಲ ತಿರುವಿನಲ್ಲೇ ಹೊರಬೀಳುತ್ತದೆ.

‘ಕಾರು ಸರಿಯಾಗಿ ತಿರುಗುತ್ತಿಲ್ಲ’ ಎಂಬ ದೂರಿನ ಹಿಂದೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಾರಣಗಳಿರಬಹುದು. ಅವುಗಳನ್ನು ಬೇರ್ಪಡಿಸಲು ಇರುವ ಒಳ್ಳೆಯ ದಾರಿಯೆಂದರೆ, ದೋಷವು ತಿರುವಿನ ಯಾವ ಹಂತದಲ್ಲಿ ಕಾಣಿಸಿತು ಎಂಬುದನ್ನು ಓಟ ಮುಗಿದ ಕೂಡಲೇ ಬರೆದಿಡುವುದು: ತಿರುವಿಗೆ ಪ್ರವೇಶಿಸುವಾಗಲೋ, ಸ್ಟಿಯರಿಂಗ್ ಒಂದೇ ಕೋನದಲ್ಲಿ ನಿಂತಿರುವ ನಡುಭಾಗದಲ್ಲೋ, ಆಕ್ಸಿಲರೇಟರ್ ಒತ್ತಿ ಹೊರಬರುವಾಗಲೋ. ಶಾಕ್ ಅಬ್ಸಾರ್ಬರ್ ಕೆಲಸ ಮಾಡುವುದು ಸಸ್ಪೆನ್ಷನ್ ಮೇಲೆ ಕೆಳಗೆ ಚಲಿಸುತ್ತಿರುವಾಗ ಮಾತ್ರ. ಆದ್ದರಿಂದ ಉದ್ದನೆಯ ತಿರುವಿನ ನಡುವೆ, ಕಾರು ಒಂದು ಕಡೆಗೆ ವಾಲಿ ಸ್ಥಿರವಾಗಿ ನಿಂತ ಮೇಲೆ ಕಾಣುವ ದೋಷಕ್ಕೆ ಶಾಕ್ ಅನ್ನು ದೂರಿ ಪ್ರಯೋಜನವಿಲ್ಲ. ಅಲ್ಲಿ ಗಾಳಿಯ ಒತ್ತಡ, ಕ್ಯಾಂಬರ್ (ಚಕ್ರದ ತಲೆ ಒಳಕ್ಕೋ ಹೊರಕ್ಕೋ ಬಾಗಿರುವ ಕೋನ), ಸ್ಪ್ರಿಂಗ್ ಮತ್ತು ಆಂಟಿ-ರೋಲ್ ಬಾರ್‌ಗಳನ್ನು (ಎಡಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸಿ ವಾಲುವಿಕೆ ತಗ್ಗಿಸುವ ಸರಳು) ನೋಡಬೇಕು. ಈ ಒಂದು ವಿವೇಚನೆಯಿಂದಲೇ ಅನಗತ್ಯವಾಗಿ ಬಿಡಿಭಾಗ ಬದಲಿಸುವ ಖರ್ಚು ಬಹಳಷ್ಟು ಉಳಿಯುತ್ತದೆ.

ಯಾವ ಲಕ್ಷಣವಿದ್ದರೂ ಮೊದಲು ನೋಡಬೇಕಾದವು

ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ, ಕಾರಿನ ಕೈಪಿಡಿಯಲ್ಲಿ ಕೊಟ್ಟಿರುವ ಬಿಗಿತಕ್ಕೆ ಸರಿಯಾಗಿ ಬಿಗಿದಿರಬೇಕು. ಚಕ್ರ ಬದಲಿಸಿದ ದಿನ ಮೊದಲ ಓಟದ ನಂತರ ಇನ್ನೊಮ್ಮೆ ನೋಡಬೇಕು. ಒಳಗಿರುವ ಸಡಿಲ ವಸ್ತುಗಳನ್ನೆಲ್ಲ, ಚಾಲಕನ ಕಾಲಡಿಯ ಮ್ಯಾಟ್ ಸಹಿತ, ಹೊರತೆಗೆಯಬೇಕು. ಬ್ಯಾಟರಿ ಅಲುಗದಂತೆ ಬಿಗಿದಿರಬೇಕು. ನಾಲ್ಕು ಟೈರುಗಳ ಒಳಬದಿಯನ್ನೂ ಬಗ್ಗಿ ನೋಡಬೇಕು, ಏಕೆಂದರೆ ತಂತಿ ಹೊರಬಂದ ಟೈರು ಹೊರಗಿನಿಂದ ನೋಡಿದರೆ ಹೊಸದರಂತೆಯೇ ಕಾಣಬಹುದು. ತಂತಿ ಅಥವಾ ನೂಲಿನ ಪದರ ಕಂಡರೆ, ಪಕ್ಕದ ಗೋಡೆ ಉಬ್ಬಿದ್ದರೆ, ಆ ಟೈರಿನಲ್ಲಿ ಅಂದು ಓಡಿಸಬಾರದು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಬೇಕು. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದ ಟೈರು. ಹಳೆಯ ರಬ್ಬರು ಗಟ್ಟಿಯಾಗಿರುತ್ತದೆ; ಗೆರೆ ಎಷ್ಟೇ ಆಳವಾಗಿ ಉಳಿದಿದ್ದರೂ ಹಿಡಿತ ಮರಳುವುದಿಲ್ಲ, ಯಾವ ಹೊಂದಾಣಿಕೆಯೂ ಅದನ್ನು ಮರಳಿಸುವುದಿಲ್ಲ.

ಕಾರಿನ ಕೆಳಗೆ ಕೈಹಾಕುವ ಕೆಲಸವಿದ್ದರೆ ಗಟ್ಟಿಯಾದ ಸಮತಟ್ಟು ನೆಲದಲ್ಲಿ, ಸ್ಟ್ಯಾಂಡ್‌ಗಳ ಮೇಲೆ ಕಾರನ್ನು ಇಳಿಸಿಯೇ ಮಾಡಬೇಕು. ಬರಿಯ ಜಾಕ್ ನಂಬಿ ಯಾರೂ ಕೆಳಗೆ ನುಸುಳಬಾರದು. ಸ್ಪ್ರಿಂಗ್ ಮತ್ತು ಶಾಕ್ ಒಂದಾಗಿ ಕೂಡಿರುವ ಸ್ಟ್ರಟ್‌ನಿಂದ ಸ್ಪ್ರಿಂಗ್ ಬಿಚ್ಚುವುದು ಅಪಾಯದ ಕೆಲಸ. ಅದುಮಿ ಹಿಡಿದ ಸ್ಪ್ರಿಂಗ್ ಸಿಡಿದರೆ ಜೀವಕ್ಕೇ ಕುತ್ತು. ಸರಿಯಾದ ಸಲಕರಣೆಯೂ ಅನುಭವವೂ ಇಲ್ಲದವರು ಅದನ್ನು ಮೆಕ್ಯಾನಿಕ್‌ಗೆ ಒಪ್ಪಿಸಬೇಕು.

ಲಕ್ಷಣ: ಸ್ಟಿಯರಿಂಗ್ ತಿರುಗಿಸಿದರೂ ಮೂತಿ ಹೊರಕ್ಕೇ ಜಾರುತ್ತದೆ

ಅಂಡರ್‌ಸ್ಟಿಯರ್ ಎಂದು ಕರೆಯುವ ಈ ದೋಷ, ಮುಂದಿನ ಚಕ್ರಗಳಿಂದ ಓಡುವ ಸಾಮಾನ್ಯ ಕಾರುಗಳಲ್ಲಿ ಅತಿ ಹೆಚ್ಚಾಗಿ ಕಾಣುವಂಥದ್ದು. ರಸ್ತೆಯ ಕಾರುಗಳನ್ನು ಸುರಕ್ಷತೆಯ ದೃಷ್ಟಿಯಿಂದ ಉದ್ದೇಶಪೂರ್ವಕವಾಗಿಯೇ ಹೀಗೆ ರೂಪಿಸಿರುತ್ತಾರೆ. ಆದ್ದರಿಂದ ಇದು ಪೂರ್ತಿ ಹೋಗಬೇಕೆಂದು ಹಟ ಹಿಡಿಯುವ ಬದಲು, ಎಷ್ಟರಮಟ್ಟಿಗೆ ಸಹಿಸಬಹುದು ಎಂದು ಯೋಚಿಸುವುದು ಮೇಲು.

ಖರ್ಚಿಲ್ಲದ ಮೊದಲ ಪರೀಕ್ಷೆ ಚಾಲಕನದೇ. ಮೂತಿ ಜಾರುತ್ತಿದೆ ಎನಿಸಿದಾಗ ಬಹುತೇಕರು ಸ್ಟಿಯರಿಂಗ್ ಅನ್ನು ಇನ್ನಷ್ಟು ತಿರುಗಿಸುತ್ತಾರೆ. ಟೈರಿಗೆ ಒಂದು ಮಿತಿಯವರೆಗೆ ಕೋನ ಹೆಚ್ಚಿದಷ್ಟೂ ಹಿಡಿತ ಹೆಚ್ಚುತ್ತದೆ. ಆ ಮಿತಿ ದಾಟಿದ ಮೇಲೆ ಅದು ನೆಲವನ್ನು ಉಜ್ಜುತ್ತಾ ವೇಗವನ್ನಷ್ಟೇ ತಿನ್ನುತ್ತದೆ. ಮುಂದಿನ ಓಟದಲ್ಲಿ ಅದೇ ಜಾಗದಲ್ಲಿ ಸ್ಟಿಯರಿಂಗ್ ಅನ್ನು ತುಸು ಸಡಿಲಿಸಿ ನೋಡಬೇಕು. ಮೂತಿ ಮತ್ತೆ ಒಳಕ್ಕೆ ಬಂದರೆ ಕಾರಿನಲ್ಲಿ ದೋಷವಿಲ್ಲ, ಕೋನ ಹೆಚ್ಚಾಗಿತ್ತು ಎಂದರ್ಥ. ಹಾಗಾಗದಿದ್ದರೆ ಬ್ರೇಕ್ ಸ್ವಲ್ಪ ಮೊದಲೇ ಹಿಡಿದು ನಿಧಾನವಾಗಿ ಒಳಹೊಕ್ಕು ನೋಡಬೇಕು. ಪ್ರವೇಶದ ವೇಗ ತಗ್ಗಿಸಿದ ಮೇಲೂ, ತಿರುವಿನ ನಡುಭಾಗದಲ್ಲಿ ಮೂತಿ ಹೊರಕ್ಕೆ ಹೋಗುತ್ತಲೇ ಇದ್ದರೆ ಆಗ ಕಾರಿನ ಕಡೆಗೆ ತಿರುಗಬಹುದು.

ಎರಡನೆಯದು ಗಾಳಿ. ಟೈರಿನ ಗೆರೆಗಳು ಮುಗಿದು ಪಕ್ಕದ ಗೋಡೆ ಶುರುವಾಗುವ ಅಂಚಿನ ಮೇಲೆ, ಮೂರು ಕಡೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಒಂದು ಓಟ ಓಡಿಸಬೇಕು. ಹಲವು ಟೈರುಗಳಲ್ಲಿ ಈ ಅಂಚಿನ ಬಳಿ ಸಣ್ಣ ತ್ರಿಕೋನದ ಗುರುತು ಇರುತ್ತದೆ; ಅದರ ತುದಿಯೇ ಅಳತೆಗೋಲು. ಸುಣ್ಣವು ತ್ರಿಕೋನದ ತುದಿಯನ್ನು ದಾಟಿ ಗೋಡೆಯ ಮೇಲೂ ಅಳಿಸಿಹೋಗಿದ್ದರೆ ಟೈರು ಮಗುಚಿಕೊಂಡು ಗೋಡೆಯ ಮೇಲೆ ಓಡುತ್ತಿದೆ. 2 ಪಿಎಸ್‌ಐ ಗಾಳಿ ಹೆಚ್ಚಿಸಬೇಕು. ತ್ರಿಕೋನದವರೆಗೂ ಬರದೆ ಗೆರೆಗಳ ಹೊರ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. 2 ಪಿಎಸ್‌ಐ ಬಿಡಬೇಕು. ಮುಂಭಾಗ ಭಾರವಾದ ಕಾರುಗಳಲ್ಲಿ, ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡಕ್ಕಿಂತ 3ರಿಂದ 6 ಪಿಎಸ್‌ಐ ಹೆಚ್ಚಿನಿಂದ ಮುಂದಿನ ಟೈರುಗಳನ್ನು ಆರಂಭಿಸುವುದು ವಾಡಿಕೆ. ಟೈರಿನ ಮೇಲೆ ಅಚ್ಚಾಗಿರುವ ಗರಿಷ್ಠ ಒತ್ತಡವನ್ನು ಮಾತ್ರ ಮೀರಬಾರದು.

ಗಾಳಿಯಿಂದ ಸರಿಹೋಗದಿದ್ದರೆ ಕ್ಯಾಂಬರ್ ಅಳೆಯಬೇಕು. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಮುಂಭಾಗದಲ್ಲಿ, ಕಾರು ಹೊರಕ್ಕೆ ವಾಲಿದಾಗ ಹೊರಚಕ್ರವೂ ಅದರೊಂದಿಗೆ ಹೊರಕ್ಕೆ ಬಾಗುತ್ತದೆ. ಆಗ ಟೈರು ತನ್ನ ಪೂರ್ಣ ಅಗಲದ ಮೇಲೆ ನಿಲ್ಲದೆ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಇದನ್ನು ಸರಿದೂಗಿಸಲೆಂದೇ ನಿಂತಿರುವ ಕಾರಿನಲ್ಲಿ ಚಕ್ರದ ತಲೆಯನ್ನು ಒಳಕ್ಕೆ ಬಾಗಿಸಿಡುವುದು. ಕಾರ್ಖಾನೆಯಿಂದ ಬಂದ ಅನೇಕ ಕಾರುಗಳಲ್ಲಿ ಈ ಬಾಗು 1 ಡಿಗ್ರಿಗಿಂತ ಕಡಿಮೆ. ಆಟೋಕ್ರಾಸ್‌ಗೆ ಋಣ (ಒಳಕ್ಕೆ ಬಾಗಿದ) 2ರಿಂದ 3 ಡಿಗ್ರಿ ಬೇಕೆನಿಸುತ್ತದೆ. ಮನೆಯಲ್ಲೇ ಅಂದಾಜು ತಿಳಿಯಬೇಕಾದರೆ, ಸಮತಟ್ಟು ನೆಲದಲ್ಲಿ ಚಕ್ರಗಳನ್ನು ನೇರವಾಗಿಟ್ಟು ಒಂದು ತೂಗುಗುಂಡಿನ ದಾರವನ್ನು ರಿಮ್‌ನ ಎದುರು ಇಳಿಬಿಟ್ಟು, ದಾರದಿಂದ ರಿಮ್‌ನ ಮೇಲಂಚಿಗೂ ಕೆಳಂಚಿಗೂ ಇರುವ ದೂರವನ್ನು ಅಳೆಯಬೇಕು. 17 ಅಂಗುಲದ ರಿಮ್‌ನಲ್ಲಿ ಈ ಎರಡು ಅಳತೆಗಳ ನಡುವೆ ಸುಮಾರು 7.5 ಮಿಲಿಮೀಟರ್ ವ್ಯತ್ಯಾಸವಿದ್ದರೆ ಅದು 1 ಡಿಗ್ರಿ.

ಸ್ಟ್ರಟ್ ಅನ್ನು ಚಕ್ರವನ್ನು ಹೊತ್ತ ನಕಲ್ ಎಂಬ ಭಾಗಕ್ಕೆ ಸೇರಿಸುವ ಬೋಲ್ಟುಗಳನ್ನು ಸಡಿಲಿಸಿ, ರಂಧ್ರದಲ್ಲಿರುವ ಎಡೆಯಷ್ಟನ್ನೂ ಒಳಕ್ಕೆ ತಳ್ಳಿ ಮತ್ತೆ ಬಿಗಿದರೆ ಕೆಲವು ಕಾರುಗಳಲ್ಲಿ ಖರ್ಚಿಲ್ಲದೆ ಸ್ವಲ್ಪ ಕ್ಯಾಂಬರ್ ಸಿಗುತ್ತದೆ. ಸಾಲದಿದ್ದರೆ ಕ್ಯಾಂಬರ್ ಬೋಲ್ಟು, ಅದೂ ಸಾಲದಿದ್ದರೆ ಸ್ಟ್ರಟ್‌ನ ತಲೆಯಲ್ಲಿ ಕೂರುವ ಕ್ಯಾಂಬರ್ ಪ್ಲೇಟ್. ಒಂದನ್ನು ಮರೆಯಬಾರದು: ಕ್ಯಾಂಬರ್ ಬದಲಾದರೆ ಟೋ (ಮೇಲಿನಿಂದ ನೋಡಿದಾಗ ಎಡಬಲ ಚಕ್ರಗಳ ಮುಂತುದಿಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೂಡ ಬದಲಾಗುತ್ತದೆ, ಆದ್ದರಿಂದ ಪ್ರತಿ ಬಾರಿಯೂ ಅದನ್ನು ಮತ್ತೆ ಅಳೆಯಲೇಬೇಕು. ಮುಂದಿನ ಚಕ್ರಗಳಿಗೆ 1ರಿಂದ 3 ಮಿಲಿಮೀಟರ್ ಟೋ-ಔಟ್ (ಮುಂತುದಿಗಳು ಹೊರಮುಖ) ಇಟ್ಟರೆ ಕಾರು ತಿರುವಿನೊಳಕ್ಕೆ ಚುರುಕಾಗಿ ನುಗ್ಗುತ್ತದೆ. ಹೆದ್ದಾರಿಯಲ್ಲಿ ಅದೇ ಕಾರು ಅತ್ತಿತ್ತ ಅಲೆಯುತ್ತದೆ, ಟೈರಿನ ಒಳ ಅಂಚೂ ಬೇಗ ಸವೆಯುತ್ತದೆ. ದೂರದಿಂದ ಓಡಿಸಿಕೊಂಡೇ ಸ್ಪರ್ಧೆಗೆ ಬರುವವರು ಟೋ ಅನ್ನು ಸೊನ್ನೆಯಲ್ಲಿಡುವುದೇ ವಾಸಿ.

ಕೊನೆಯದು ಆಂಟಿ-ರೋಲ್ ಬಾರ್. ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಸರಿಯುವ ಒಟ್ಟು ಭಾರವನ್ನು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ ನಿರ್ಧರಿಸುತ್ತವೆ. ಬಾರ್ ಆ ಭಾರವನ್ನು ಮುಂದಕ್ಕೂ ಹಿಂದಕ್ಕೂ ಹಂಚುತ್ತದೆ, ಅಷ್ಟೆ. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆ ಪ್ರಮಾಣದಲ್ಲಷ್ಟೇ ಹೆಚ್ಚುತ್ತದೆ; ಆದ್ದರಿಂದ ಹೆಚ್ಚು ಭಾರ ಸರಿಯುವ ತುದಿಯೇ ಮೊದಲು ಹಿಡಿತ ಕಳೆದುಕೊಳ್ಳುತ್ತದೆ. ಹಿಂದಿನ ಬಾರ್ ಬಿಗಿಯಾದಂತೆ ಮೂತಿಯ ಜಾರಾಟ ಕಡಿಮೆಯಾಗುವುದು ಇದರಿಂದಲೇ. ಮುಂದಿನ ಬಾರ್ ಬಿಗಿ ಮಾಡಿದರೆ ಲೆಕ್ಕದ ಪ್ರಕಾರ ಜಾರಾಟ ಹೆಚ್ಚಬೇಕು, ಆದರೆ ಕ್ಯಾಂಬರ್ ಹೊಂದಿಸಲಾಗದ ಸ್ಟ್ರಟ್ ಕಾರುಗಳಲ್ಲಿ ವಾಲುವಿಕೆ ತಗ್ಗಿ, ಟೈರು ನೆಟ್ಟಗೆ ನಿಂತು, ಹಿಡಿತ ಹೆಚ್ಚಿದ್ದೂ ಉಂಟು. ಪುಸ್ತಕದ ನಿಯಮಕ್ಕಿಂತ ಗಡಿಯಾರವನ್ನು ನಂಬುವುದು ಇಲ್ಲಿ ಒಳ್ಳೆಯದು.

ಲಕ್ಷಣ: ಹಿಂಬದಿ ಸಡಿಲವಾಗಿ ಬೀಸುತ್ತದೆ

ಆಕ್ಸಿಲರೇಟರ್‌ನಿಂದ ಕಾಲೆತ್ತಿದ ಕ್ಷಣದಲ್ಲೇ ಹಿಂಬದಿ ಹೊರಟರೆ ಮೊದಲ ಸಂದೇಹ ಚಾಲಕನ ಕಾಲಿನ ಮೇಲೆ. ತಿರುವಿನ ನಡುವೆ ತಟಕ್ಕನೆ ಕಾಲೆತ್ತಿದರೆ ಭಾರ ಮುಂದಕ್ಕೆ ಸರಿದು ಹಿಂದಿನ ಟೈರುಗಳು ಹಗುರಾಗುತ್ತವೆ, ಯಾವ ಕಾರಾದರೂ ಅಷ್ಟೇ. ನಿಧಾನವಾಗಿ ಕಾಲೆತ್ತಿದಾಗಲೂ ಬೀಸುವುದಾದರೆ ಹಿಂದಿನ ಗಾಳಿಯನ್ನು 2 ಪಿಎಸ್‌ಐನಂತೆ ಬದಲಿಸಿ, ಸುಣ್ಣದ ಗುರುತು ನೋಡಿ ತೀರ್ಮಾನಿಸಬೇಕು. ಹಿಂದಿನ ಬಾರ್‌ಗೆ ಹೊಂದಾಣಿಕೆಯ ರಂಧ್ರಗಳಿದ್ದರೆ ಒಂದು ರಂಧ್ರ ಸಡಿಲಿಸಬಹುದು.

ನೇರ ದಾರಿಯಲ್ಲಿ ಬ್ರೇಕ್ ಹಿಡಿದಾಗಲೂ ಹಿಂಬದಿ ತೂರಾಡಿದರೆ ವಿಷಯ ಗಂಭೀರ. ಆಗ ಹಿಂದಿನ ಚಕ್ರಗಳ ಟೋ ಅಳೆಯಬೇಕು. ಹಿಂದೆ ಟೋ-ಔಟ್ ಇದ್ದರೆ ಕಾರಿನ ನಡತೆಯನ್ನು ಮುಂಗಾಣಲಾಗದು. ತುಸು ಟೋ-ಇನ್ (ಮುಂತುದಿಗಳು ಒಳಮುಖ) ಇದ್ದರೆ ಹಿಂಬದಿ ನೆಟ್ಟಗಿರುತ್ತದೆ. ಅಂಗೈಯನ್ನು ಟೈರಿನ ಅಗಲಕ್ಕೆ ಅಡ್ಡಲಾಗಿ ಎರಡೂ ದಿಕ್ಕಿನಲ್ಲಿ ಸವರಿದರೆ ಅಳತೆಗೆ ಮುನ್ನವೇ ಸುಳಿವು ಸಿಗುತ್ತದೆ: ಒಂದು ದಿಕ್ಕಿನಲ್ಲಿ ನುಣುಪಾಗಿ, ಇನ್ನೊಂದರಲ್ಲಿ ಗರಗಸದ ಹಲ್ಲಿನಂತೆ ಕೈಗೆ ತಾಗಿದರೆ ಟೋ ತಪ್ಪಿದೆ. ಆ ಚೂಪು ಅಂಚುಗಳು ಕಾರಿನ ಒಳಮುಖವಾಗಿದ್ದರೆ ಟೋ-ಇನ್ ಹೆಚ್ಚು, ಹೊರಮುಖವಾಗಿದ್ದರೆ ಟೋ-ಔಟ್ ಹೆಚ್ಚು. ಟೋ ಸರಿಪಡಿಸಿದ ಕೆಲವೇ ದಿನಗಳಲ್ಲಿ ಮತ್ತೆ ತಪ್ಪಿದರೆ ಹಿಂದಿನ ಸಸ್ಪೆನ್ಷನ್ ತೋಳುಗಳ ಕೀಲಿನಲ್ಲಿರುವ ರಬ್ಬರ್ ಬುಷ್‌ಗಳು ಹರಿದಿರುವ ಸಾಧ್ಯತೆಯೇ ಹೆಚ್ಚು. ಅವುಗಳನ್ನು ಒತ್ತಿ ಕೂರಿಸಲು ಪ್ರೆಸ್ ಬೇಕಾಗುವುದರಿಂದ ಅದು ವರ್ಕ್‌ಶಾಪಿನ ಕೆಲಸ.

ಸಾಲು ಕೋನ್‌ಗಳ ನಡುವೆ ಎಡಬಲ ಸುತ್ತುತ್ತಾ ಹೋಗುವ ಸ್ಲಾಲಂನಲ್ಲಿ ಮೊದಲ ಎರಡು ಕೋನ್ ಸಲೀಸಾಗಿ ದಾಟಿ, ಮೂರನೆಯದಕ್ಕೋ ನಾಲ್ಕನೆಯದಕ್ಕೋ ಹಿಂಬದಿ ಹಿಡಿತ ಬಿಟ್ಟರೆ ಅದರ ಸೂಚನೆ ಬೇರೆ. ಒಂದು ವಾಲುವಿಕೆ ತಣಿಯುವ ಮೊದಲೇ ಇನ್ನೊಂದು ಬರುತ್ತಿದೆ, ಶಾಕ್ ಅದನ್ನು ಹಿಡಿದು ನಿಲ್ಲಿಸುತ್ತಿಲ್ಲ ಎಂದರ್ಥ. ಶಾಕ್‌ನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಅದು ಸತ್ತಿದೆ ಎಂದೇ ತಿಳಿಯಬೇಕು. ಕಾರಿನ ಮೂಲೆಯನ್ನು ಅದುಮಿ ಬಿಟ್ಟು ಎಷ್ಟು ಸಲ ಕುಣಿಯಿತು ಎಂದು ನೋಡುವ ಹಳೆಯ ಪರೀಕ್ಷೆ ಪೂರ್ತಿ ಕೆಟ್ಟ ಶಾಕ್ ಅನ್ನು ತೋರಿಸುತ್ತದೆಯೇ ಹೊರತು, ಅರ್ಧ ಸವೆದಿದ್ದನ್ನು ತೋರಿಸುವುದಿಲ್ಲ. ಬದಲಿಸುವಾಗ ಎಡಬಲ ಜೋಡಿಯಾಗಿಯೇ ಬದಲಿಸಬೇಕು.

ಲಕ್ಷಣ: ತಿರುವಿನಿಂದ ಹೊರಬರುವಾಗ ಒಳಚಕ್ರ ಖಾಲಿ ಸುತ್ತುತ್ತದೆ

ಸಾಮಾನ್ಯ ಡಿಫರೆನ್ಷಿಯಲ್ (ಎಂಜಿನ್ನಿನ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರು ಜೋಡಣೆ) ಇರುವ ಕಾರಿನಲ್ಲಿ ಹಗುರಾದ ಒಳಚಕ್ರ ಸುತ್ತತೊಡಗಿದರೆ ಹೊರಚಕ್ರಕ್ಕೂ ಬಲ ಸಿಗುವುದಿಲ್ಲ. ಸ್ಟಿಯರಿಂಗ್ ನೇರವಾಗುತ್ತಿದ್ದಂತೆ ಮಾತ್ರ ಆಕ್ಸಿಲರೇಟರ್ ಒತ್ತುವ ಅಭ್ಯಾಸದಿಂದ ಇದರ ಬಹುಭಾಗ ಹೋಗುತ್ತದೆ. ಆಮೇಲೂ ಉಳಿದರೆ, ಎಂಜಿನ್ನಿನ ಬಲ ಪಡೆಯುವ ತುದಿಯ ಆಂಟಿ-ರೋಲ್ ಬಾರ್ ತೀರಾ ಬಿಗಿಯಾಗಿದೆಯೇ ನೋಡಬೇಕು, ಏಕೆಂದರೆ ಬಿಗಿಯಾದ ಬಾರ್ ಒಳಚಕ್ರವನ್ನು ನೆಲದಿಂದ ಎತ್ತುತ್ತದೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಹಿಂದಿನ ಒಳಚಕ್ರ ನೆಲ ಬಿಟ್ಟು ಏಳುವುದು ದೋಷವಲ್ಲ. ನೋಡುವವರಿಗೆ ಗಾಬರಿಯಾಗುತ್ತದೆ, ಅಷ್ಟೆ. ಆದರೆ ಎತ್ತರದ, ಕಿರಿದಾದ ವಾಹನಕ್ಕೆ ಅಂಟು ಹೆಚ್ಚಿರುವ ಟೈರು ಹಾಕಿ, ಒಂದೇ ಬದಿಯ ಎರಡೂ ಚಕ್ರಗಳು ಮೇಲೇಳುವುದು ಕಂಡರೆ ಓಟವನ್ನು ಅಲ್ಲಿಗೇ ನಿಲ್ಲಿಸಬೇಕು. ಅದು ಮಗುಚುವ ಮುನ್ಸೂಚನೆ, ಹೊಂದಾಣಿಕೆಯಿಂದ ಸರಿಪಡಿಸುವಂಥದ್ದಲ್ಲ.

ಚಕ್ರ ಸುತ್ತದೆ, ಆದರೆ ಎಂಜಿನ್ ಬಲವೇ ಕುಸಿದಂತೆ ಅನಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಕಾರು ಜಾರದಂತೆ ಎಂಜಿನ್ ಬಲವನ್ನು ತಾನೇ ತಗ್ಗಿಸುವ ಸ್ಥಿರತಾ ನಿಯಂತ್ರಣದ ದೀಪ ಮಿನುಗಿತೇ ಎಂದು ಗಮನಿಸಬೇಕು. ಗುಂಡಿ ಒತ್ತಿದರೂ ಕೆಲವು ಕಾರುಗಳಲ್ಲಿ ಈ ವ್ಯವಸ್ಥೆ ಪೂರ್ತಿ ಆರುವುದಿಲ್ಲ.

ಲಕ್ಷಣ: ಮೊದಲು ಚೆನ್ನಾಗಿದ್ದ ಹಿಡಿತ ಓಟದಿಂದ ಓಟಕ್ಕೆ ಕುಗ್ಗುತ್ತದೆ

ಬೆಳಗಿನ ತಂಪಿನಲ್ಲಿ ಹೊಂದಿಸಿದ ಗಾಳಿ ಮಧ್ಯಾಹ್ನಕ್ಕೆ ಅದೇ ಆಗಿರುವುದಿಲ್ಲ. ಟೈರಿನೊಳಗಿನ ಗಾಳಿ 5ರಿಂದ 6 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಪ್ರತಿ ಓಟದ ನಂತರವೂ ಅಳೆದು, ಮೊದಲು ಚೆನ್ನಾಗಿ ಹಿಡಿದಾಗ ಇದ್ದ ಬಿಸಿ ಒತ್ತಡಕ್ಕೇ ಇಳಿಸುತ್ತಾ ಹೋಗಬೇಕು. ಇಬ್ಬರು ಚಾಲಕರು ಒಂದೇ ಕಾರನ್ನು ಹಂಚಿಕೊಂಡಾಗ ಟೈರಿಗೆ ಆರಲು ಬಿಡುವೇ ಇರುವುದಿಲ್ಲ. ರಬ್ಬರು ಜಿಡ್ಡುಜಿಡ್ಡಾಗಿ ಜಾರತೊಡಗುತ್ತದೆ. ನಿಯಮದಲ್ಲಿ ಅವಕಾಶವಿದ್ದರೆ ಟೈರಿನ ಮೇಲೆ ನೀರು ಸಿಂಪಡಿಸಿ ಆರಿಸಬಹುದು, ಆದರೆ ಹೊರಡುವ ಮುನ್ನ ಅದು ಒಣಗಿರಬೇಕು.

ಸೂಜಿಯ ತಾಪಮಾಪಕದಿಂದ ಟೈರಿನ ಒಳ, ನಡು, ಹೊರ ಭಾಗಗಳ ಬಿಸಿ ಅಳೆಯುವ ಪದ್ಧತಿಯೂ ಇದೆ. ಹೊರ ಅಂಚು ಹೆಚ್ಚು ಬಿಸಿಯಿದ್ದರೆ ಕ್ಯಾಂಬರ್ ಸಾಲದು, ನಡುಭಾಗ ಹೆಚ್ಚು ಬಿಸಿಯಿದ್ದರೆ ಗಾಳಿ ಹೆಚ್ಚು. ಓಟವೇ ಒಂದು ನಿಮಿಷದೊಳಗಿನದಾದ್ದರಿಂದ ಟೈರು ಒಳಗಿನವರೆಗೆ ಕಾಯುವುದೇ ಇಲ್ಲ. ಹಾಗಾಗಿ ಆಟೋಕ್ರಾಸ್‌ನಲ್ಲಿ ಈ ಅಂಕಿಗಳಿಗಿಂತ ಸುಣ್ಣದ ಗುರುತು ಮತ್ತು ಸವೆತದ ರೀತಿಗೆ ಹೆಚ್ಚು ಬೆಲೆ ಕೊಡಬೇಕು.

ಲಕ್ಷಣ: ತಿರುವಿನ ನಡುವೆ, ಮುನ್ಸೂಚನೆಯಿಲ್ಲದೆ ಹಿಡಿತ ಹಾರಿಹೋಗುತ್ತದೆ

ಕಾರನ್ನು ತಗ್ಗಿಸಿದವರಲ್ಲಿ ಇದು ಸಾಮಾನ್ಯ ದೂರು. ಸ್ಪ್ರಿಂಗ್ ಕತ್ತರಿಸಿಯೋ, ಗಿಡ್ಡ ಸ್ಪ್ರಿಂಗ್ ಹಾಕಿಯೋ ಕಾರನ್ನು ಇಳಿಸಿದಾಗ ಸಸ್ಪೆನ್ಷನ್‌ಗೆ ಉಳಿಯುವ ಚಲನೆ ಕಡಿಮೆ. ವಾಲಿದಾಗ ಶಾಕ್‌ನ ಕೊನೆಯಲ್ಲಿರುವ ಬಂಪ್ ಸ್ಟಾಪ್ ರಬ್ಬರಿಗೆ ಅದು ಹೋಗಿ ಬಡಿಯುತ್ತದೆ. ಆ ಕ್ಷಣದಲ್ಲಿ ಆ ಮೂಲೆಯ ಬಿಗಿತ ಹಲವು ಪಟ್ಟು ಏರಿ, ಭಾರವೆಲ್ಲ ಆ ಟೈರಿನ ಮೇಲೆ ಬಿದ್ದು ಹಿಡಿತ ಕಳಚುತ್ತದೆ. ಬಡಿದದ್ದು ಮುಂದೆಯಾದರೆ ಮೂತಿ ಹೊರಕ್ಕೆ, ಹಿಂದೆಯಾದರೆ ಬಾಲ ಹೊರಕ್ಕೆ.

ಇದನ್ನು ಪತ್ತೆಹಚ್ಚಲು ಒಂದು ಪ್ಲಾಸ್ಟಿಕ್ ಜಿಪ್ ಟೈ ಸಾಕು. ಶಾಕ್‌ನ ಹೊಳೆಯುವ ದಂಡಕ್ಕೆ ಅದನ್ನು ಹಿತವಾಗಿ ಬಿಗಿದು, ಶಾಕ್‌ನ ದೇಹಕ್ಕೆ ತಾಗುವಂತೆ ಕೆಳಕ್ಕೆ ಸರಿಸಿಟ್ಟು ಒಂದು ಓಟ ಓಡಿಸಬೇಕು. ಶಾಕ್ ಅದುಮಿಕೊಂಡಾಗ ಅದರ ದೇಹವೇ ಜಿಪ್ ಟೈ ಅನ್ನು ಮೇಲಕ್ಕೆ ತಳ್ಳುತ್ತದೆ, ಅದು ಅಲ್ಲೇ ನಿಲ್ಲುತ್ತದೆ. ಬಂಪ್ ಸ್ಟಾಪ್‌ವರೆಗೂ ಹೋಗಿ ರಬ್ಬರಿಗೆ ಒತ್ತಿಕೊಂಡಿದ್ದರೆ ಸಂದೇಹ ನಿಜ. ಧೂಳುಗವಸು ಮುಚ್ಚಿಕೊಂಡಿದ್ದರೆ ಅದನ್ನು ಮೇಲೆತ್ತಿ ನೋಡಬೇಕು. ಪರಿಹಾರ ಕಾರನ್ನು ಸ್ವಲ್ಪ ಎತ್ತರಿಸುವುದು, ಇಲ್ಲವೇ ಬಿಗಿಯಾದ ಸ್ಪ್ರಿಂಗ್ ಮತ್ತು ಅದಕ್ಕೆ ಹೊಂದುವ ಶಾಕ್ ಹಾಕುವುದು. ಬಂಪ್ ಸ್ಟಾಪನ್ನೇ ಕತ್ತರಿಸಿ ತೆಗೆದರೆ ಲೋಹಕ್ಕೆ ಲೋಹ ಬಡಿದು ಶಾಕ್ ಒಡೆಯುತ್ತದೆ.

ತಗ್ಗಿಸಿದ ಸ್ಟ್ರಟ್ ಕಾರಿನ ಕೆಳಗಿನ ತೋಳು ಚಕ್ರದ ಕಡೆಗೆ ಮೇಲ್ಮುಖವಾಗಿ ಓರೆಯಾಗಿದ್ದರೆ ಇನ್ನೂ ಒಂದು ನಷ್ಟವಿದೆ. ಅಲ್ಲಿಂದ ಮುಂದೆ ಸಸ್ಪೆನ್ಷನ್ ಅದುಮಿದಷ್ಟೂ ಕ್ಯಾಂಬರ್ ಸಿಗುವ ಬದಲು ಕಳೆಯುತ್ತದೆ, ಕಾರು ಮೊದಲಿಗಿಂತ ಹೆಚ್ಚು ವಾಲುತ್ತದೆ. ನೋಡಲು ಚೆಂದವಾದ ತಗ್ಗು ಕಾರು ಓಟದಲ್ಲಿ ಹಿಂದೆ ಬೀಳಲು ಬಹಳ ಸಲ ಇದೇ ಕಾರಣ.

ಲಕ್ಷಣ: ಸದ್ದು, ನಡುಕ, ಒಂದು ಕಡೆಗೆ ಎಳೆತ

ಓಟ ಮುಗಿಸಿ ನಿಧಾನವಾಗಿ ಬರುವಾಗ ನಡುಕ ಕಂಡರೆ ಮೊದಲು ಟೈರಿಗೆ ಅಂಟಿದ ರಬ್ಬರಿನ ಉಂಡೆ, ಜಲ್ಲಿಗಳನ್ನು ಕೆರೆದು ತೆಗೆಯಬೇಕು. ಆಮೇಲೂ ಇದ್ದರೆ ರಿಮ್‌ನ ಸಮತೋಲನದ ತೂಕ ಬಿದ್ದಿರಬಹುದು. ನಟ್ಟುಗಳನ್ನು ನೋಡದೆ ಮಾತ್ರ ಮುಂದೆ ಓಡಿಸಬಾರದು.

ಒಂದೇ ಕಡೆಗೆ ಎಳೆತವಿದ್ದರೆ ಎರಡೂ ಬದಿಯ ಒತ್ತಡ ಸಮನಾಗಿದೆಯೇ ನೋಡಿ, ಟೈರುಗಳು ದಿಕ್ಕಿನ ಗುರುತಿಲ್ಲದವಾದರೆ ಮುಂದಿನ ಎರಡನ್ನು ಅದಲುಬದಲು ಮಾಡಬೇಕು. ಎಳೆತವೂ ದಿಕ್ಕು ಬದಲಿಸಿದರೆ ದೋಷ ಟೈರಿನದು. ಬದಲಾಗದಿದ್ದರೆ ಅಲೈನ್‌ಮೆಂಟ್ ಅಥವಾ ಬಿಗಿಹಿಡಿದ ಬ್ರೇಕ್ ಕ್ಯಾಲಿಪರ್; ಬ್ರೇಕ್ ಹೆಚ್ಚು ಬಳಸದೆ ಸ್ವಲ್ಪ ದೂರ ಓಡಿಸಿ ರಿಮ್‌ಗಳ ಬಳಿ, ಮುಟ್ಟದೆ, ಕೈ ಹಿಡಿದರೆ ಒಂದು ಮಾತ್ರ ಸುಡುವಷ್ಟು ಬಿಸಿಯಿರುವುದು ತಿಳಿಯುತ್ತದೆ.

ತಿರುವಿನಲ್ಲಿ ಟಕ್ ಎಂಬ ಸದ್ದು ಬಂದರೆ ಆಂಟಿ-ರೋಲ್ ಬಾರ್‌ನ ಲಿಂಕ್‌ಗಳು, ಸ್ಟ್ರಟ್‌ನ ಮೇಲಿನ ಮೌಂಟ್, ಆಮೇಲೆ ಚಕ್ರದ ನಕಲ್ ಅನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಬಾಲ್ ಜಾಯಿಂಟ್ ಎಂಬ ಕ್ರಮದಲ್ಲಿ ಹುಡುಕಬೇಕು. ಚಕ್ರವನ್ನು ನೆಲದಿಂದ ಎತ್ತಿ, ಗಡಿಯಾರದ 12 ಮತ್ತು 6ರ ಸ್ಥಾನದಲ್ಲಿ ಹಿಡಿದು ಅಲುಗಿಸಿದಾಗ ಸಡಿಲವಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಸವೆದಿದೆ. 9 ಮತ್ತು 3ರಲ್ಲಿ ಮಾತ್ರ ಸಡಿಲವಿದ್ದರೆ ಸ್ಟಿಯರಿಂಗ್ ಅನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್. ಇವುಗಳಲ್ಲಿ ಯಾವುದು ಸಡಿಲವಿದ್ದರೂ ಓಟ ಮುಗಿಯಿತು ಎಂದೇ ತಿಳಿಯಬೇಕು. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಬಿಡುತ್ತದೆ; ಅಂಥ ಕಾರನ್ನು ಮನೆಗೂ ಓಡಿಸದೆ ಎಳೆಸಿಕೊಂಡು ಹೋಗಬೇಕು.

ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಗಿಳಿದರೂ ಇದೇ ಮಾತು. ಹಳೆಯ ಬ್ರೇಕ್ ಆಯಿಲ್ ತೇವ ಹೀರಿಕೊಂಡಿರುತ್ತದೆ: ಡಾಟ್ 4 ದರ್ಜೆಯ ಆಯಿಲ್‌ಗೆ ಹೊಸತಿರುವಾಗ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಬಿಂದು, ತೇವ ಸೇರಿದಾಗಿನ ಮಾನದಂಡದಲ್ಲಿ 155 ಡಿಗ್ರಿ ಮಾತ್ರ. ಆರಿದ ಮೇಲೆ ಪೆಡಲ್ ಗಟ್ಟಿಯಾದರೂ ಆಯಿಲ್ ಬದಲಿಸುವವರೆಗೆ ಮತ್ತೆ ಓಡಿಸಬಾರದು.

ಬದಲಾವಣೆ ಮಾಡುವ ಕ್ರಮ

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಹಿಂದಿನ ಅಂಕಿ, ಹೊಸ ಅಂಕಿ, ಓಟದ ಸಮಯ ಮತ್ತು ಬಿದ್ದ ಕೋನ್‌ಗಳನ್ನು ಬರೆದಿಡಬೇಕು. ಬದಲಿಸಿದ ಮೊದಲ ಓಟವನ್ನೇ ನಂಬದೆ, ಹಳೆಯ ಸ್ಥಿತಿಗೆ ಮರಳಿಸಿ ಇನ್ನೊಮ್ಮೆ ಓಡಿಸಿದಾಗ ಸಮಯವೂ ಹಿಂದಕ್ಕೆ ಹೋದರೆ ಮಾತ್ರ ಆ ಬದಲಾವಣೆಯಿಂದ ಲಾಭವಾಯಿತೆನ್ನಬಹುದು. ಏಕೆಂದರೆ ದಿನ ಕಳೆದಂತೆ ಚಾಲಕನಿಗೆ ದಾರಿ ಪರಿಚಯವಾಗುತ್ತದೆ, ನೆಲಕ್ಕೂ ರಬ್ಬರು ಹತ್ತುತ್ತದೆ. ಕ್ಯಾಂಬರ್, ಟೋ ಎರಡನ್ನೂ ಮನೆಯಲ್ಲಿ ದಾರ ಕಟ್ಟಿ ಹೊಂದಿಸಿದವರು ಒಮ್ಮೆಯಾದರೂ ಅಲೈನ್‌ಮೆಂಟ್ ಯಂತ್ರದಲ್ಲಿ ತಾಳೆ ನೋಡಿಸಬೇಕು. ಬಯಲಿನಿಂದ ಹೊರಡುವ ಮುನ್ನ ಗಾಳಿಯನ್ನು ರಸ್ತೆಯ ಒತ್ತಡಕ್ಕೆ ತಂದು, ಸ್ಥಿರತಾ ನಿಯಂತ್ರಣವನ್ನು ಮತ್ತೆ ಚಾಲೂ ಮಾಡಿ, ಟೈರುಗಳು ಆರಿದ ಮೇಲೆ ಮರುದಿನ ಒತ್ತಡವನ್ನು ಇನ್ನೊಮ್ಮೆ ಅಳೆಯಬೇಕು. ಬಿಸಿಯಲ್ಲಿ ಸರಿಯೆಂದು ಕಂಡ ಅಂಕಿ ತಣ್ಣಗಾದಾಗ ಚೀಟಿಯಲ್ಲಿರುವುದಕ್ಕಿಂತ ಕೆಳಗೆ ಇಳಿದಿರುತ್ತದೆ.